ಮಲಗಿದರೆ ಕಾಣುತ್ತದೆಯೇ ಎಂದು ನೀವು ಕೇಳಿದ್ದಿರಿ

ವೈನಿ, ಆ ದಿನ ಬೆಟ್ಟದ ಮೇಲೆ ಮಂಜು ಇರಲಿಲ್ಲ. ಇತ್ತು — ಹತ್ತು ನಿಮಿಷ ಇತ್ತು, ಆಮೇಲೆ ಸರಿದು ಹೋಯಿತು. ಆ ಹತ್ತು ನಿಮಿಷವನ್ನಷ್ಟೇ ತಂದು ನಿಮಗೆ ಹೇಳಿದೆ. ಉಳಿದದ್ದನ್ನು ಹನ್ನೊಂದು ವರ್ಷ ನಾನೊಬ್ಬಳೇ ಇಟ್ಟುಕೊಂಡೆ. ಆ ಹೋಟೆಲ್ಲಿಗೆ ನೀವು ಹೋಗದೆ ಉಳಿದದ್ದು ನನ್ನ ಸುಳ್ಳಿನಿಂದ.

ನೀವು ಒಳಗೆ ಮಧ್ಯಾಹ್ನದ ನಿದ್ದೆಯಲ್ಲಿದ್ದೀರಿ. ನಾನು ಅಡುಗೆಮನೆಯ ಕಟ್ಟೆಯ ಮೇಲೆ ವಹಿ ಇಟ್ಟುಕೊಂಡು ನಿಂತೇ ಬರೆಯುತ್ತಿದ್ದೇನೆ. ಇದೇ ಕಟ್ಟೆಯ ಮೇಲೆ ಜೋಳದ ಹಿಟ್ಟು ಹರವಿ, ನನ್ನ ಬೆರಳು ಹಿಡಿದು ನೀವು ಅ, ಆ ತಿದ್ದಿಸಿದ್ದು. ನಿಮಗೆ ನೆನಪಿರಬಹುದು — ನೀವು ಧಾರವಾಡದಿಂದ ಸೊಸೆಯಾಗಿ ಬಂದಾಗ ನನಗೆ ಹತ್ತು ವರ್ಷ. ಅಣ್ಣನೂ ನಾನೂ ನಾಗಪುರದಲ್ಲೇ ಹುಟ್ಟಿ ಮರಾಠಿ ಶಾಲೆಗೆ ಹೋದವರು. ನಮಗೆ ಕನ್ನಡ ಎಂದರೆ ಬಾಯಿಮಾತು ಮಾತ್ರ. ನಿಮ್ಮ ಟ್ರಂಕಿನಲ್ಲಿ ಸೀರೆಗಿಂತ ಕಾದಂಬರಿಗಳೇ ಹೆಚ್ಚು. ಓದಿ ಹೇಳಿರೆಂದು ಗಂಟು ಬಿದ್ದ ನಾದಿನಿಗೆ ನೀವು ಓದಿ ಹೇಳಲಿಲ್ಲ, ಓದುವುದನ್ನೇ ಕಲಿಸಿದಿರಿ. ಆ ಅಕ್ಷರಗಳಲ್ಲಿ ನಾನು ಬರೆಯುತ್ತಿರುವ ಮೊದಲ ದೊಡ್ಡ ಬರಹ ಇದು. ಅದು ಇಂಥದ್ದೇ ಆಗಬೇಕಾಯಿತು.

ನಮ್ಮ ಮನೆಯ ಪದ್ಧತಿ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಪ್ಪ ಸರಕಾರಿ ಕಾರ್ಖಾನೆಯಲ್ಲಿ ಮಾಲು ಪರೀಕ್ಷಿಸುವ ವಿಭಾಗದಲ್ಲಿದ್ದವರು, ಅಣ್ಣನೂ ಅಲ್ಲೇ ಸೇರಿದ. ಅಲ್ಲಿನ ಕಾಯಿದೆಯೇ ಮನೆಗೂ ಬಂತು. ಹೆಚ್ಚು ಬೆಲೆಯದು ಏನೇ ಇರಲಿ — ಗೋದ್ರೆಜ್ ಕಪಾಟಿರಲಿ, ಹೆಣ್ಣಿರಲಿ, ಗಂಡಿರಲಿ — ಮನೆಯವರೊಬ್ಬರು ಖುದ್ದು ಹೋಗಿ ನೋಡಿ ಬರಬೇಕು. ಪಾಸ್ ಅಥವಾ ರಿಜೆಕ್ಟ್, ಒಂದು ಮಾತು ಹೇಳಬೇಕು. ಒಬ್ಬರು ರಿಜೆಕ್ಟ್ ಎಂದ ಮೇಲೆ ಇನ್ನೊಬ್ಬರು ಹೋಗಿ ಮತ್ತೆ ನೋಡುವಂತಿಲ್ಲ. ಅದು ನೋಡಿ ಬಂದವರಿಗೆ ಮಾಡಿದ ಅವಮಾನ. ನನಗೆ ಬಂದ ಮೂರು ಸಂಬಂಧಗಳನ್ನು ಅಪ್ಪ ಹೀಗೆಯೇ ನೋಡಿ ಬಂದು ರಿಜೆಕ್ಟ್ ಮಾಡಿದ್ದರು. ನಾಲ್ಕನೆಯದು ಬರಲೇ ಇಲ್ಲ. ಅಪ್ಪನ ನಂತರ ನೋಡಿ ಬರುವ ಕೆಲಸ ನನ್ನ ಪಾಲಿಗೆ ಬಂತು. ಮದುವೆಯಿಲ್ಲ, ಮಕ್ಕಳಿಲ್ಲ, ಟೀಚರ್ ಬೇರೆ — ಕಣ್ಣು ಚುರುಕು ಎಂದು ಎಲ್ಲರೂ ಹೊಗಳುತ್ತಿದ್ದಿರಿ.

ಆ ಹೋಟೆಲ್ಲಿನ ಚಿತ್ರವನ್ನು ಪಕ್ಕದ ಮನೆಯ ದೇಶಪಾಂಡೆ ಕಾಕೂ ತಮ್ಮ ಫೋನಿನಲ್ಲಿ ನಿಮಗೆ ತೋರಿಸಿದ್ದರು. ಹಿಮಾಲಯದ ಕುಮಾವೂ ಕಡೆಯ ಬೆಟ್ಟದೂರು. ಕೋಣೆಯ ಒಂದು ಗೋಡೆಗೆ ಗೋಡೆಯೇ ಗಾಜು, ಗಾಜಿನಾಚೆ ಹಿಮ. ಒಂದು ರಾತ್ರಿಯ ಬಾಡಿಗೆ ಕೇಳಿ ಅಣ್ಣ ಕನ್ನಡಕ ತೆಗೆದು ಒರೆಸಿಕೊಂಡ. ಅದು ನಮ್ಮ ಮನೆಯ ಒಂದು ತಿಂಗಳ ಕಿರಾಣಿ. ಆದರೆ ಅವನ ನೌಕರಿಯ ಕೊನೆಯ ಎಲ್‌ಟಿಸಿ ಅದು. ರೈಲಿನ ಖರ್ಚು ಸರಕಾರದ್ದು, ಹೋಟೆಲ್ ಮಾತ್ರ ನಮ್ಮದು. ಮೂವತ್ತಾರು ವರ್ಷದಲ್ಲಿ ಬೆಟ್ಟ ಎಂದರೆ ನಿಮಗೆ ಚಿಖಲದರಾ, ಅದೂ ಸರಕಾರಿ ವಿಶ್ರಾಂತಿಗೃಹ, ಮನೆಯಿಂದ ಒಯ್ದ ಚಾದರ. ಧರಮಪೇಠದ ಈ ಮನೆಯಲ್ಲಿ ನಿಮಗಿದ್ದ ಕಿಟಕಿಗಳೂ ಎರಡೇ. ಅಡುಗೆಮನೆಯದು ಪಕ್ಕದ ಕಟ್ಟಡದ ಗೋಡೆಗೆ, ಅದರ ಮೇಲಿನ ನೀರಿನ ಪೈಪಿಗೆ ತೆರೆಯುತ್ತದೆ. ಮಲಗುವ ಕೋಣೆಯದಕ್ಕೆ ಹೋಳಿ ಮುಗಿಯುತ್ತಲೇ ಕೂಲರ್ ಕೂಡುತ್ತದೆ, ಮಳೆ ಹಿಡಿಯುವ ತನಕ ಆಕಾಶ ಬಂದ್.

ನೀವು ಎಂದೂ ಏನನ್ನೂ ಕೇಳಿದವರಲ್ಲ. ಅದೊಂದನ್ನು ಮಾತ್ರ ವಾರಗಟ್ಟಲೆ ಯೋಚಿಸಿದಿರಿ. ಇಷ್ಟು ರೊಕ್ಕ ಬರೇ ನೋಡುವುದಕ್ಕೆ ಕೊಡುವುದು ಬರೋಬರ್ ಏನು ಎಂದು ಒಮ್ಮೆ, ಒಂದೇ ರಾತ್ರಿ ಇದ್ದು ಬಂದರಾಯಿತು ಎಂದು ಇನ್ನೊಮ್ಮೆ. ಅಕ್ಕಿ ಆರಿಸುತ್ತ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ ಎತ್ತಲೋ ನೋಡುತ್ತಿದ್ದಿರಿ. ಅಷ್ಟರಲ್ಲಿ ಆ ಊರಿನಲ್ಲೇ ಭೂಗೋಳದ ಶಿಕ್ಷಕರಿಗೆ ನಾಲ್ಕು ದಿನದ ತರಬೇತಿ ಬಂತು, ನನ್ನ ಹೆಸರು ಹತ್ತಿತು. ಅಣ್ಣ ಖುಷಿಯಾದ — ನೋಡಿ ಬರುವವರು ತಾವಾಗಿಯೇ ಸಿಕ್ಕಂತಾಯಿತು. ನಾನು ಹೊರಡುವಾಗ ನೀವು ಬಾಗಿಲ ತನಕ ಬಂದು, ನಾಚಿಕೊಂಡು, ಮೆಲ್ಲಗೆ ಹೇಳಿದಿರಿ:

“ವಿಜೂ, ಹಾಸಿಗಿ ಮ್ಯಾಲೆ ಮಲಕೊಂಡ್ರ ಹಿಮ ಕಾಣತದೇನು, ಅಷ್ಟ ನೋಡಿ ಬಾ.”

ಚಪ್ಪಲಿ ಹಾಕಿಕೊಳ್ಳುವಾಗ ಇನ್ನೊಂದು ಮಾತೂ ಕಿವಿಗೆ ಬಿತ್ತು. ಅಣ್ಣ ಒಳಗೆ ನಿಮಗೆ ಹೇಳುತ್ತಿದ್ದ — ಖೋಲಿ ಇಬ್ಬರದು, ವಿಜೂ ಹೆಂಗೂ ನೋಡೇ ಬಂದಿರತಾಳ, ಅವ್ವನ ಹತ್ತರ ಯಾರರ ಇರಬೇಕಲ್ಲ ಎಂದು. ಅವ್ವ ಆಗ ಹಾಸಿಗೆ ಹಿಡಿದಿದ್ದಳು. ನೀವು ಏನು ಉತ್ತರ ಕೊಟ್ಟಿರೋ, ಕೇಳಲು ನಾನು ನಿಲ್ಲಲಿಲ್ಲ. ಆಟೋದವನು ಹಾರ್ನ್ ಹಾಕುತ್ತಿದ್ದ.

ಮೂರನೆಯ ದಿನ, ತರಗತಿ ಬೇಗ ಮುಗಿದಾಗ, ಆ ಹೋಟೆಲ್ಲಿಗೆ ಏರಿ ಹೋದೆ. ದೇವದಾರು ಮರಗಳ ನಡುವೆ ಸುತ್ತಿ ಸುತ್ತಿ ಏರುವ ದಾರಿ. ನನ್ನ ಹೆಜ್ಜೆಯ ಸದ್ದೂ ನನಗೆ ಕೇಳಿಸುತ್ತಿರಲಿಲ್ಲ, ಅಷ್ಟು ಮೆತ್ತಗೆ ಎಲೆ ಬಿದ್ದಿದ್ದವು. ಬಾಗಿಲ ಬಳಿಯ ಮೇಜಿನ ಹಿಂದೆ ಕೂತಿದ್ದ ಹೆಂಗಸಿಗೆ ಹಿಂದಿಯಲ್ಲಿ ಎಲ್ಲ ಹೇಳಿದೆ — ನಮ್ಮ ವೈನಿ ಬರುವವರಿದ್ದಾರೆ, ನಾನು ನೋಡಿ ಹೋಗಲು ಬಂದವಳು ಎಂದು. ಆಕೆ ನಗಲಿಲ್ಲ. ಖಾಲಿಯಿದ್ದ ಕೋಣೆಯೊಂದನ್ನು ತೆರೆದು, ಚಹಾ ಕಳಿಸುತ್ತೇನೆ, ಕೂತಿರಿ ಎಂದು ಹೋದಳು.

ಗಾಜಿನಾಚೆ ಬರೀ ಬೆಳ್ಳಗೆ. ಮಂಜು ಗಾಜಿಗೆ ಮೈ ಒತ್ತಿ ನಿಂತಿತ್ತು. ಅಷ್ಟರಲ್ಲೇ ಎದ್ದು ಬಂದಿದ್ದರೆ — ನಾನು ಸುಳ್ಳುಗಾತಿಯಾಗುತ್ತಿರಲಿಲ್ಲ. ಚಹಾ ಬಂತು, ಅದರ ಸಲುವಾಗಿ ಕೂತೆ. ಹಾಲಿನ ಮೇಲಿನ ಕೆನೆಯನ್ನು ಯಾರೋ ಬೆರಳಿನಿಂದ ಸರಿಸಿದ ಹಾಗೆ ಒಂದು ಮೂಲೆ ಸರಿಯಿತು. ಮೊದಲು ಕೆಳಗಿನ ಕಣಿವೆ, ಆಮೇಲೆ ನೀಲಿ ಗುಡ್ಡಗಳು, ಅವುಗಳ ಹಿಂದೆ ಇನ್ನೂ ತೆಳು ನೀಲಿಯ ಗುಡ್ಡಗಳು. ನಾನು ಅಲ್ಲೇ ಹುಡುಕುತ್ತಿದ್ದೆ ವೈನಿ, ಗುಡ್ಡಗಳು ಮುಗಿಯುವಲ್ಲಿ. ಅದು ಅಲ್ಲಿರಲಿಲ್ಲ. ಕತ್ತೆತ್ತಬೇಕಾಯಿತು. ಇನ್ನು ಆಕಾಶ ಮಾತ್ರ ಇರಬೇಕು ಎಂದುಕೊಂಡ ಕಡೆ, ಅಷ್ಟು ಮೇಲೆ, ಈ ತುದಿಯಿಂದ ಆ ತುದಿಯ ತನಕ ಹಿಮವಿತ್ತು. ಅದರ ಕೆಳಗೆ ಏನೂ ಇಲ್ಲದ ಹಾಗೆ, ತೇಲುತ್ತ. ಇಪ್ಪತ್ತು ವರ್ಷ ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಹಿಮಾಲಯ ಎಳೆದವಳು ನಾನು. ಶಿಖರಗಳ ಎತ್ತರ ಬಾಯಿಪಾಠ. ಒಂದರ ಹೆಸರೂ ನೆನಪಿಗೆ ಬರಲಿಲ್ಲ.

ಆಗ ನಿಮ್ಮ ಮಾತು ನೆನಪಾಯಿತು. ಚಪ್ಪಲಿ ಬಿಟ್ಟು, ಸೆರಗು ಸರಿಮಾಡಿಕೊಂಡು, ಆ ಬಿಳಿಯ ಹಾಸಿಗೆಯ ಮೇಲೆ — ಕಳ್ಳಿಯ ಹಾಗೆ ಬಾಗಿಲ ಕಡೆ ನೋಡುತ್ತ — ಮಲಗಿದೆ. ದಿಂಬಿಗೆ ತಲೆಯಿಟ್ಟೆ. ಕಾಣುತ್ತಿತ್ತು. ಪೂರ್ತಿ ಕಾಣುತ್ತಿತ್ತು. ಬಿಸಿಲು ಇಳಿದಂತೆ ಹಿಮ ಕೇಸರಿ ಹಾಕಿದ ಹಾಲಿನ ಬಣ್ಣಕ್ಕೆ ತಿರುಗಿತು, ಆಮೇಲೆ ಗುಲಾಬಿ, ಕಡೆಗೆ ವಿಭೂತಿಯ ಬಣ್ಣ. ನಾನು ಅತ್ತುಬಿಟ್ಟೆ. ದುಃಖವೇನೂ ಇರಲಿಲ್ಲ. ನನ್ನ ಜೀವಮಾನದಲ್ಲಿ ಮೊದಲ ಸಲ ಏನೋ ಒಂದು ನನ್ನ ಮುಂದೆಯೇ, ನನ್ನೊಬ್ಬಳಿಗಾಗಿಯೇ ತೆರೆದುಕೊಂಡಿತ್ತು.

ಆ “ನನ್ನೊಬ್ಬಳಿಗಾಗಿ” ಎಂಬುದರಲ್ಲೇ ಎಲ್ಲ ಕೆಟ್ಟಿತು. ರೈಲಿನಲ್ಲಿ ಬರುವಾಗ ಎರಡು ದಿನ ಕಣ್ಣು ಮುಚ್ಚಿ ಅದನ್ನೇ ನೋಡುತ್ತ ಬಂದೆ. ಹೇಗೆ ಬಣ್ಣಿಸಬೇಕು ಎಂದು ಮಾತು ಜೋಡಿಸುತ್ತಿದ್ದೆ, ನಿಜ. ಇಟಾರಸಿ ದಾಟಿದ ಮೇಲೆ ಬೇರೆ ಚಿತ್ರ ಬಂತು — ಅದೇ ಹಾಸಿಗೆಯ ಮೇಲೆ ನೀವು, ಅಣ್ಣ. ನಾನು ಇಲ್ಲಿ, ಕೂಲರಿನ ಕೋಣೆಯಲ್ಲಿ, ಅವ್ವನ ಮಗ್ಗುಲು ಬದಲಿಸುತ್ತ. ನೀವು ತಿರುಗಿ ಬಂದು ನನಗೇ ಅದನ್ನು ಬಣ್ಣಿಸುತ್ತೀರಿ. ಆಗ ಅದು ನಿಮ್ಮದಾಗುತ್ತದೆ. ನಾನು ಬರೀ ಮೊದಲು ಹೋಗಿ ಬಾಗಿಲು ನೋಡಿ ಬಂದವಳಾಗುತ್ತೇನೆ — ಯಾವಾಗಿನಂತೆ.

ನೀವು ನೀರಿನ ತಂಬಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದಿರಿ. ಕೈಕಾಲು ತೊಳೆಯುವ ಮೊದಲೇ ಹೇಳಿಬಿಟ್ಟೆ.

“ಏನಿಲ್ರಿ ವೈನಿ. ಬರೇ ಮಂಜು. ಅಷ್ಟ ರೊಕ್ಕ ಕೊಟ್ಟು ಹೋಗುವಂಥಾದ್ದು ಅಲ್ಲೇನೂ ಇಲ್ಲ.”

ನಿಮ್ಮ ಮುಖ ಬಾಡಿತೇ ಎಂದು ನೋಡಿದೆ — ಅದನ್ನು ನೋಡುವ ಧೈರ್ಯ ಮಾತ್ರ ಇತ್ತು ನನಗೆ. ಬಾಡಲಿಲ್ಲ. ತಂಬಿಗೆ ನನ್ನ ಕೈಗೆ ಕೊಟ್ಟು ನೀವು ಅಂದಿರಿ:

“ಹೋಗ್ಲಿ ಬಿಡು. ನೀ ನೋಡಿ ಬಂದಿ ಅಂದ್ರ ನಾ ನೋಡಿಧಂಗ ಆತು.”

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ನೀವು ಕಾಣದೆಯೇ ನಂಬಿದಿರಿ. ದೂರದ ಬೆಟ್ಟ ನುಣ್ಣಗೆ ಎಂದು ಅಣ್ಣ ಮುಗಿಸಿದ. ಹೋಟೆಲ್ಲಿಗೆಂದು ತೆಗೆದಿಟ್ಟದ್ದರಲ್ಲಿ ಹೊಸ ಫ್ರಿಜ್ಜು, ದೊಡ್ಡ ಕೂಲರ್ ಬಂದವು. ಹಳೆಯ ಕೂಲರಿನ ಪಕ್ಕದಲ್ಲಿ ಒಂದು ಗೇಣು ಆಕಾಶವಾದರೂ ಕಾಣುತ್ತಿತ್ತು, ಇದು ಕಿಟಕಿಯನ್ನೇ ನುಂಗಿತು. ಆಮೇಲೆ ನನ್ನ ಮಾತು ಮನೆಯ ಗಾದೆಯಾಯಿತು. ದುಬಾರಿ ಸೀರೆ ಕಂಡರೂ “ಬರೇ ಮಂಜು”, ಹೆಸರಾದ ಹೋಟೆಲ್ಲಿನ ಊಟಕ್ಕೂ “ಬರೇ ಮಂಜು”. ಬಂದವರೆದುರು ಅಣ್ಣ ನನ್ನನ್ನು ಹೊಗಳುತ್ತಿದ್ದ — ನಮ್ಮ ವಿಜೂ ಇರದಿದ್ದರೆ ಠಕ್ಕರ ಕೈಗೆ ಸಿಗುತ್ತಿದ್ದೆವು ಎಂದು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಪ್ರತಿ ಸಲವೂ ಹೇಳಿಬಿಡಬೇಕು ಎನಿಸುತ್ತಿತ್ತು, ಪ್ರತಿ ಸಲವೂ ಉಪ್ಪಿನಕಾಯಿ ತರುವ ನೆಪದಲ್ಲಿ ಒಳಗೆ ಹೋಗುತ್ತಿದ್ದೆ. ಹೋದರಾಯಿತು, ಇನ್ನೊಂದು ವರ್ಷ ನಾನೇ ಕರೆದೊಯ್ದರಾಯಿತು ಎಂದು ಮನಸ್ಸನ್ನು ಸಮಾಧಾನ ಮಾಡುತ್ತಿದ್ದೆ. ಅವ್ವ ಹೋದಳು. ಅಣ್ಣನ ಮಂಡಿ ಹೋಯಿತು. ಆಮೇಲೆ ನಿಮ್ಮ ಕಣ್ಣು.

ಗ್ಲಾಕೋಮಾ ಎಂದರು. ಬಲಗಣ್ಣು ಮೊದಲು, ಒಂದೂವರೆ ವರ್ಷಕ್ಕೆ ಎಡಗಣ್ಣು. ಈಗ ನಿಮಗೆ ಬೆಳಕು, ಕತ್ತಲೆ ಇಷ್ಟೇ ಗೊತ್ತಾಗುತ್ತದೆ. ಬೆಳಿಗ್ಗೆ ಚಹಾ ಆದ ಮೇಲೆ ನಿಮಗೆ ಕನ್ನಡ ಓದಿ ಹೇಳುವವಳು ನಾನು. ಕಳೆದ ತಿಂಗಳು ಪತ್ರಿಕೆಯ ಪುರವಣಿಯಲ್ಲಿ ಬೆಟ್ಟದ ಹೋಟೆಲೊಂದರ ಲೇಖನ ಬಂತು — ಇಷ್ಟು ಹಣ ಕೊಟ್ಟು ಹೋಗಬಹುದೇ ಎಂಬ ಅದೇ ಪ್ರಶ್ನೆ. ಹಾಳೆ ತಿರುವಬೇಕೆಂದೆ, ಬಾಯಿ ಓದಿಬಿಟ್ಟಿತ್ತು. ನೀವು ಖಾಲಿ ಕಪ್ಪನ್ನು ತಡವಿ ಪಕ್ಕಕ್ಕೆ ಸರಿಸಿದಿರಿ. ಆಮೇಲೆ, ಏನೋ ಸಣ್ಣ ಸಂಗತಿ ಎನ್ನುವ ಹಾಗೆ, ಆಗ ನಾವು ಮೂವರೂ ಹೋಗಬೇಕೆಂದು ಮಾಡಿದ್ದೆ ಎಂದಿರಿ. ಅಣ್ಣನ ಮಾತಿಗೆ ಅಂದೇ ಅಡ್ಡ ಹೇಳಿದ್ದಿರಂತೆ. ಅವ್ವನ ಹತ್ತಿರ ಇರಲು ಧಾರವಾಡದಿಂದ ನಿಮ್ಮ ತಂಗಿಯನ್ನು ಕರೆಸುವುದೂ ಗೊತ್ತಾಗಿತ್ತಂತೆ. ನನ್ನನ್ನು ಬಿಟ್ಟು ಹೋಗುವವರಿದ್ದಿರಿ ಎಂಬುದೇ ನನ್ನ ಕೈಯಲ್ಲಿದ್ದ ಒಂದೇ ನೆಪವಾಗಿತ್ತು ವೈನಿ, ಅದೂ ಹೋಯಿತು. ಅಷ್ಟಕ್ಕೇ ನಿಲ್ಲಿಸಲಿಲ್ಲ ನೀವು.

“ಈಗ ನನ್ನ ಕಣ್ಣಾಗೂ ಬರೇ ಮಂಜಽ ಅದ ನೋಡು. ಅಲ್ಲೀದೂ ಹಿಂಗಽ ಇತ್ತೇನು, ವಿಜೂ?”

ಹೌದ್ರಿ ಎಂದೆ. ಎರಡನೆಯ ಸುಳ್ಳು. ಮೊದಲನೆಯದಕ್ಕೆ ಹೊಟ್ಟೆಕಿಚ್ಚಿತ್ತು, ಇದಕ್ಕೆ ಬರೀ ಹೇಡಿತನ. ನೀವು ತಲೆದೂಗಿದಿರಿ — ಹಾಗಾದರೆ ತಾವು ಕಳೆದುಕೊಂಡದ್ದೇನೂ ಇಲ್ಲ ಎನ್ನುವ ಹಾಗೆ.

ಈಗಷ್ಟೇ, ರಜೆಗೆಂದು ತವರಿಗೆ ಬಂದಿರುವ ನಿಮ್ಮ ಮಗಳು ಸ್ಮಿತಾ ಬಂದು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು. “ಆತ್ಯಾ, ಕಾಯ್ ಲಿಹಿತೇಸ್?” — ಏನು ಬರೆಯುತ್ತಿದ್ದೀ ಎಂದಳು. ಇಷ್ಟೂ ಅವಳ ಕಣ್ಣೆದುರಿಗೇ ಇತ್ತು. ಒಂದಕ್ಷರ ತಿಳಿಯದೆ, ಚಂದ ಇದೆ ನಿನ್ನ ಅಕ್ಷರ ಎಂದು ಮರಾಠಿಯಲ್ಲಿ ಹೇಳಿ ನೀರು ಕುಡಿದು ಹೋದಳು. ಆಗ ಹೊಳೆಯಿತು. ಈ ಮನೆಯಲ್ಲಿ ಕನ್ನಡ ಓದಬಲ್ಲವರು ನಾವಿಬ್ಬರೇ ಇದ್ದೆವು, ಈಗ ನಾನೊಬ್ಬಳೇ. ಈ ವಹಿಯನ್ನು ತೆರೆದಿಟ್ಟು ಹೋದರೂ ನನ್ನ ಗುಟ್ಟು ರಟ್ಟಾಗುವುದಿಲ್ಲ. ಬರೆದೆ, ಹಗುರಾದೆ ಎಂದು ಕಪಾಟಿನಲ್ಲಿ ಇಟ್ಟುಬಿಡಬಹುದು — ಹಾಗೆ ಮಾಡುವ ಮನಸ್ಸೂ ಒಂದು ಕ್ಷಣ ಬಂತು. ಬಂದದ್ದನ್ನೂ ಬರೆದಿದ್ದೇನೆ.

ನಾಳೆ ಚಹಾ ಆದ ಮೇಲೆ ಪತ್ರಿಕೆ ಓದುವುದಿಲ್ಲ. ಇದನ್ನು ಓದುತ್ತೇನೆ, ಮೊದಲ ಸಾಲಿನಿಂದ, ನಡುವೆ ಒಂದನ್ನೂ ಬಿಡದೆ. ನೀವು ಎದ್ದು ಒಳಗೆ ಹೋದರೆ ಹಿಂದೆ ಬರುವುದಿಲ್ಲ. ನಾಡಿದ್ದಿನಿಂದ ನನ್ನ ದನಿ ಬೇಡವೆಂದರೆ ಅದೂ ಸರಿಯೇ. ಕ್ಷಮಿಸಿ ಎಂದು ಇದರಲ್ಲಿ ಎಲ್ಲೂ ಬರೆದಿಲ್ಲ. ನಿಮ್ಮ ಕಣ್ಣು ತೆರೆದಿದ್ದಾಗ ಕೇಳಬೇಕಾದ ಮಾತು ಅದು. ನಿಮಗೆ ಕೊಡಬೇಕಾದ ವರದಿಯೊಂದು ಮಾತ್ರ ನನ್ನಲ್ಲಿ ಉಳಿದಿದೆ. ಅದನ್ನು ಓದುವುದಿಲ್ಲ, ವಹಿ ಮುಚ್ಚಿ, ನಿಮ್ಮ ಕೈ ಹಿಡಿದು, ಬಾಯಿಂದಲೇ ಹೇಳುತ್ತೇನೆ —

ಕಾಣತದ್ರಿ ವೈನಿ. ಮಲಕೊಂಡ್ರೂ ಕಾಣತದ.