ಬೆಣ್ಣೆಯ ಬಟ್ಟಲು

ನಮ್ಮ ಮನೆಯಲ್ಲಿ ಊಟಕ್ಕೆ ಎಲ್ಲರಿಗಿಂತ ಮೊದಲು ಬಂದು ಕೂರುವುದು ಬೆಣ್ಣೆಯ ಬಟ್ಟಲು. ಯಲಬುರ್ಗಾದ ನಮ್ಮ ಹಿತ್ತಲಲ್ಲಿ ಎಮ್ಮೆಯಿದೆ, ಅತ್ತೆ ದಿನಾ ಮೊಸರು ಕಡೆಯುತ್ತಾರೆ. ಬಿಸಿ ರೊಟ್ಟಿ ತಟ್ಟೆಗೆ ಬಿದ್ದೊಡನೆ ಅದರ ನಡುವೆ ನೆಲ್ಲಿಕಾಯಿ ಗಾತ್ರದ ಬೆಣ್ಣೆ ಇಡುವುದು ಅವರ ಹಕ್ಕು, ನಮ್ಮ ಭಾಗ್ಯ. ಆ ಹಕ್ಕಿಗೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದವಳು ಒಂಬತ್ತನೆಯ ತರಗತಿಯ ನನ್ನ ಮಗಳು ಸಹನಾ.

ಎಮ್ಮೆ ಗಂಡುಗರು ಹಾಕಿತ್ತು. ಅದನ್ನು ಸಾಕಿ ಯಾರಿಗೇನು ಲಾಭ ಎಂದು ತಿಂಗಳು ತುಂಬುವುದರೊಳಗೆ ಮಾರಿದೆವು. ಎಮ್ಮೆ ಮೂರು ದಿನ ಒದರಿತು. ನಮಗದು ಹೊಸತಲ್ಲ, ನಾಲ್ಕನೆಯ ದಿನ ಮರೆತೆವು. ಮಗಳು ಮರೆಯಲಿಲ್ಲ. "ಅದರ ಪಾಲಿನ ಹಾಲು ನನಗ ಬ್ಯಾಡವ್ವಾ" ಎಂದಳು. ಹಾಲು, ಮೊಸರು, ಬೆಣ್ಣೆ, ತುಪ್ಪ, ಎಲ್ಲ ಬಂದ್. ಇದಕ್ಕೆ ವೀಗನ್ ಎನ್ನುತ್ತಾರಂತೆ. ಮೊದಲೇ ಕಡ್ಡಿಯಂತಿರುವ ಹುಡುಗಿ.

ತಾಯಿಯ ಕರುಳಿಗೆ ಮಮತೆ ಜಾಸ್ತಿ, ಬುದ್ಧಿ ಕಡಿಮೆ. ಚಪಾತಿ ಹಿಟ್ಟನ್ನು ಕದ್ದುಮುಚ್ಚಿ ಹಾಲಿನಲ್ಲಿ ನಾದಿದೆ. "ಇವತ್ತ ಭಾಳ ಮೆತ್ತಗ ಅದಾವವ್ವಾ" ಎಂದು ಮೆಚ್ಚಿ ನಾಲ್ಕು ತಿಂದಳು. ಗೆದ್ದೆ ಎಂದುಕೊಂಡೆ. ಮರುದಿನ ನಾನು ಹಿಟ್ಟಿಗೆ ಹಾಲು ಸುರಿಯುತ್ತಿರುವಾಗಲೇ ನೀರು ಕುಡಿಯಲು ಒಳಗೆ ಬಂದವಳು ನಿಂತುಬಿಟ್ಟಳು. ಜಗಳವಾಡಲಿಲ್ಲ. "ನೀನೂ ಹಿಂಗ ಮಾಡ್ತಿಯೇನವ್ವಾ?" ಎಂದಳು, ಅಷ್ಟೇ. ಅಂದಿನಿಂದ ನಾನು ಏನು ಬಡಿಸಿದರೂ ಮುರಿದು, ಮೂಸಿ, ಆಮೇಲೆ ಬಾಯಿಗಿಡತೊಡಗಿದಳು. ಹೆತ್ತವಳು ಬಡಿಸಿದ ಅನ್ನವನ್ನು ಮಗು ಮೂಸಿ ನೋಡುವ ಸಂಕಟ ಯಾವ ತಾಯಿಗೂ ಬೇಡಪ್ಪಾ.

ನನ್ನ ಪರವಾಗಿ ನಿಲ್ಲುತ್ತಾರೆಂದು ಅತ್ತೆಯ ಬಳಿ ದೂರು ಒಯ್ದೆ. ಕಾಶಿಗೆ ಹೋದವರು ಇಷ್ಟದ ಹಣ್ಣೊಂದನ್ನು ಬಿಟ್ಟುಬರುವ ಪದ್ಧತಿಯಂತೆ, ಜೀವಕ್ಕೆ ಜೀವವಾಗಿದ್ದ ಸೀತಾಫಲವನ್ನು ಬಿಟ್ಟುಬಂದವರು ಅವರು.

"ನಾ ಸೀತಾಫಲ ಬಿಟ್ಟೀನಿ. ಒಮ್ಮೆರ ಕದ್ದು ತಿನಸೀಯೇನು ನನಗ?"

"ಶಿವ ಶಿವಾ! ಇಲ್ರೀ ಅತ್ತಿ."

"ಮತ್ತ ಆಕಿ ಮಾತು ಮಾತಲ್ಲೇನು?"

ನೀವೇ ಹೇಳಿ, ಅವರ ಮಾತು ಸುಳ್ಳೇ? ಹಿರಿಯರು ಬಿಟ್ಟರೆ ವ್ರತವೆಂದು ಕೈಮುಗಿಯುತ್ತೇವೆ, ಮಕ್ಕಳು ಬಿಟ್ಟರೆ ಹಟವೆಂದು ಗದರುತ್ತೇವೆ. ಹಿರಿಯರಾದರೂ ತಮ್ಮ ಪುಣ್ಯಕ್ಕೆಂದು ಬಿಟ್ಟರು. ಇವಳು ಬಿಟ್ಟದ್ದು ಇವಳ ಮುಖವೂ ನೆನಪಿರದ ಒಂದು ಕರುವಿಗಾಗಿ. ನನಗೆ ನಾಚಿಕೆಯಾಯಿತು.

"ತಪ್ಪಾತು ಮಗಳ" ಎಂದೆ. ಅವಳು ತಲೆಯಾಡಿಸಿದಳು, ಆದರೆ ಮೂಸುವುದು ನಿಲ್ಲಲಿಲ್ಲ. ಅವಳೆದುರೇ ನೀರು ಹಾಕಿ ಹಿಟ್ಟು ನಾದತೊಡಗಿದೆ. ಅತ್ತೆ ಬೆಣ್ಣೆಗೆ ಬೇರೆ ಕುಡಿಕೆ ಹುಡುಕಿ, ಆ ಹಳೆಯ ಬಟ್ಟಲನ್ನು ಬೆಳಗಿ, ಒರಳಲ್ಲಿ ಎಣ್ಣೆ ಬಿಡುವ ತನಕ ಕುಟ್ಟಿದ ಶೇಂಗಾ ಚಟ್ನಿಯನ್ನು ಅದರಲ್ಲಿ ತುಂಬಿದರು.

ಮೊನ್ನೆ ಸಹನಾ ಶಾಲೆಯಿಂದ ಬರುವಷ್ಟರಲ್ಲಿ ಚಪಾತಿ ಆಗಿಹೋಗಿದ್ದವು. ನಾದಿದ್ದನ್ನು ಅವಳು ನೋಡಿರಲಿಲ್ಲ. ಅತ್ತೆ ಬಟ್ಟಲಿನಿಂದ ನೆಲ್ಲಿಕಾಯಿ ಗಾತ್ರದ ಚಟ್ನಿ ತೆಗೆದು ಅವಳ ಚಪಾತಿಯ ನಡುವೆ ಇಟ್ಟರು. ಸಹನಾ ತುತ್ತು ಮುರಿದಳು. ನಾನು ಒಲೆಯ ಬಳಿಯಿಂದ ಅವಳ ಕೈಯನ್ನೇ ನೋಡುತ್ತಿದ್ದೆ. ಅವಳು ಅದನ್ನು ಮೂಸಲಿಲ್ಲ. ಶಾಲೆಯ ಸುದ್ದಿ ಏನೋ ಹೇಳುತ್ತಲೇ ಬಾಯಿಗಿಟ್ಟುಕೊಂಡಳು.