ಕನ್ನಡಕದೊಳಗಿನ ಕೈ

ದೇವದುರ್ಗದ ಸಂತೆಯಲ್ಲಿ ಮದುವೆ ಗೊತ್ತಾದ ಹುಡುಗಿಯೊಬ್ಬಳಿಗೆ ಬಳೆ ತೊಡಿಸುವಾಗ ನಮ್ಮ ಯಜಮಾನರ ಬಲಗೈ ಸೋತಿತು. ಹಸಿರು ಬಳೆಗಳು ಚಾಪೆಯ ಮೇಲೆ ಚೆಲ್ಲಿದವು. ಮಾತು ತೊದಲಿತು. ಬಾಯಿ ಒಂದು ಕಡೆಗೆ ಎಳೆಯಿತು.

ಲಕ್ವಾ.

ರಾಯಚೂರಿನ ಆಸ್ಪತ್ರೆಯಲ್ಲಿ ಎಂಆರ್‌ಐ ನೋಡಿ ಸ್ಟ್ರೋಕ್ ಎಂದರು. ಜೀವ ಉಳಿಯಿತು. ಬಲಗೈ, ಮಾತು ಎರಡೂ ನಿಂತವು. ಮಾನ್ವಿಯಲ್ಲಿ ನಮ್ಮದು ಬಳೆ ಅಂಗಡಿ. ಈಗಿನ ಹುಡುಗಿಯರು ಮೊಬೈಲ್ ಕ್ಯಾಮೆರಾಕ್ಕೆ ಕೈ ಹಿಡಿದು, ಇಲ್ಲದ ಬಳೆಯನ್ನು ಕೈ ಮೇಲೆ ನೋಡಿ, ಬಣ್ಣ ಆರಿಸಿಕೊಂಡೇ ಬರುತ್ತಾರೆ. “ಅದು ಬರೇ ತೋರಸ್ತದ, ತೊಡಸಾಂವ ನಾನ” ಎಂದು ಇವರು ಬೀಗುತ್ತಿದ್ದರು. ಆ ತೊಡಿಸುವ ಕೈಯೇ ಹೋದರೆ ಗತಿಯೇನು?

ಹೊಟ್ಟೆಕಿಚ್ಚು ನನಗೆ ಹೊಸದಲ್ಲ. ಊರ ಹೆಂಗಸರ ಕೈಯನ್ನೆಲ್ಲ ಹೂವಿನಂತೆ ಹಿಡಿದವರು ನನಗೆ ಒಮ್ಮೆಯೂ ಬಳೆ ತೊಡಿಸಿದವರಲ್ಲ. ಡಜನ್ ಮುರಿದು ಉಳಿದ, ಜೋಡಿ ತಪ್ಪಿದ ಬಳೆಗಳು ನನ್ನ ಪಾಲಿಗೆ. ನಾನೇ ತೊಟ್ಟುಕೊಳ್ಳಬೇಕು. ನಮ್ಮ ಮನೆಯ ರೂಢಿಯೇ ಹಾಗೆ.

ಫಿಜಿಯೋಥೆರಪಿಗೆ ಹೋದಾಗ ಡಾಕ್ಟರಮ್ಮ ಇವರಿಗೆ ಕಣ್ಣು ಪೂರ್ತಿ ಮುಚ್ಚಿ ಒಳಗೇ ಚಿತ್ರ ತೋರಿಸುವ ದಪ್ಪನೆಯ ವಿಆರ್ ಕನ್ನಡಕ ಕಟ್ಟುತ್ತಿದ್ದರು. ಮನೆಯಲ್ಲಿ ನಾನು ಉಣಿಸಿ, ಮೈ ತೊಳೆದು, ಮಾತಾಡಿಸಿ ಮಾತಾಡಿಸಿ ಸಾಕಾದರೂ ಹೂಂ ಅನ್ನದ ಮುಖ ಅದನ್ನು ಕಟ್ಟಿದ ಕೂಡಲೇ ಅರಳುತ್ತಿತ್ತು. ಒಳಗೆ ಅವರಿಗೆ ಏನು ಕಾಣುತ್ತಿತ್ತೋ, ನನಗೆ ಗೊತ್ತಿರಲಿಲ್ಲ. ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನ ಅವರ ಎಡಗೈ ಗಾಳಿಯಲ್ಲಿ ಯಾರದೋ ಗೆಣ್ಣನ್ನು ಮೆಲ್ಲಗೆ ಒತ್ತತೊಡಗಿತು. ತುಟಿ ಅಲುಗಿತು.

“ಕೈ ಸಡ್ಲ ಬಿಡವ್ವಾ.”

ಬಳೆ ತೊಡಿಸುವಾಗ ಪ್ರತಿ ಗಿರಾಕಿಗೂ ಅವರು ಹೀಗೇ ಅನ್ನುತ್ತಿದ್ದರು. ಲಕ್ವಾ ಹೊಡೆದ ಮೇಲೆ ಅವರಾಡಿದ ಮೊದಲ ಮಾತು. ನನ್ನ ಜೊತೆಗಲ್ಲ. ದೇವರಿಗೆ ಕೈಮುಗಿಯಬೇಕಾದ ಹೊತ್ತಿನಲ್ಲಿ ನಾನು ಕೇಳಿದ್ದು ಇದು: “ಒಳಗ ಯಾವಾಕಿ ಅದಾಳ್ರೀ, ಡಾಕ್ಟರಮ್ಮ?”

ಡಾಕ್ಟರಮ್ಮ ನಗದೆ, ಟೇಬಲ್ ಮೇಲಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಅಲ್ಲಿ ಬೆರಳಾಡಿಸುವ ಒಂದು ಬಲಗೈ, ಅಷ್ಟೇ.

“ಯಾರೂ ಇಲ್ರೀ ಯವ್ವಾ. ಅದು ಅವರದ ಕೈ. ಖರೇದು ಆಡಲಿಲ್ಲಂದ್ರೂ ಅಲ್ಲಿ ಆಡಿದಂಗ ತೋರಸ್ತೀವಿ, ಮೆದುಳಿಗೆ ನೆನಪಾಗ್ಲಿ ಅಂತ. ಅವರು ಅದನ್ನ ಗಿರಾಕಿ ಕೈ ಅನ್ಕೊಂಡಾರ.”

ಸ್ವಂತ ಕೈಯನ್ನೇ ಗುರುತು ಹಿಡಿಯದ ಗಂಡನ ಬಲಗೈಯನ್ನು ನನ್ನ ಮಡಿಲಿಗೆ ಎಳೆದುಕೊಂಡೆ. ಆದರೂ ಸುಳ್ಳೇಕೆ, ಕಿಚ್ಚು ಆರಲಿಲ್ಲ. ಆ ಇಲ್ಲದ ಕೈಗೆ ಸಿಕ್ಕ ಭಾಗ್ಯ ನನ್ನ ಕೈಗೆ ಸಿಕ್ಕಿರಲಿಲ್ಲವಲ್ಲ.

ಮನೆಗೆ ಬಂದವಳೇ ಅಂಗಡಿಯ ಹೊಸ ಡಜನ್ ಒಂದನ್ನು ಬಿಚ್ಚಿದೆ. ನನ್ನ ಕೈಯ ಹಳೆಯ ಬಳೆಗಳನ್ನು ತೆಗೆದೆ. ಮುತ್ತೈದೆ ಕೈ ಬರಿದಾಗಬಾರದೆಂದು ಒಂದನ್ನು ಮಾತ್ರ ಉಳಿಸಿಕೊಂಡೆ. ಹೊಸ ಬಳೆಯೊಂದನ್ನು ಅವರ ಬಲಗೈ ಬೆರಳುಗಳ ನಡುವೆ ಇಟ್ಟು, ಎಡಗೈಗೆ ನನ್ನ ಕೈ ಕೊಟ್ಟು ಕುಳಿತೆ. ಅವರು ಬಳೆಯನ್ನು, ನನ್ನ ಕೈಯನ್ನು ನೋಡಿದರು. ಆಮೇಲೆ ಎಡಗೈ ನನ್ನ ಗೆಣ್ಣು ಒತ್ತಿತು. ಬಲಗೈಯ ಹೆಬ್ಬೆರಳು ಬಳೆಯ ಮೇಲೆ ಸ್ವಲ್ಪವೇ ಬಿಗಿಯಿತು.

“ಕೈ ಸಡ್ಲ ಬಿಡು” ಅಂದರು. ಅವ್ವಾ ಅನ್ನಲಿಲ್ಲ.

ಬಳೆ ಗೆಣ್ಣಿನ ತನಕ ಬಂದು ನಿಂತಿತು. ಮುಂದೆ ಹೋಗಲಿಲ್ಲ. ಉಳಿದದ್ದನ್ನು ಆ ಕನ್ನಡಕವೇ ಕಲಿಸಲಿ. ಈಗ ಫಿಜಿಯೋಥೆರಪಿಗೆ ಹೋದಾಗ ಅದನ್ನು ಅವರಿಗೆ ನಾನೇ ಕಟ್ಟುತ್ತೇನೆ.