ಕಡೆಯ ಹಾಳೆ ಇಲ್ಲದ ಪುಸ್ತಕಗಳು

ಮೈದಾ ಅಂಟಿನ ವಾಸನೆ ನಿಮಗೂ ನೆನಪಿರಬಹುದು. ಶಾಲೆ ಶುರುವಾಗುವ ದಿನಗಳಲ್ಲಿ ಪುಸ್ತಕಕ್ಕೆ ಬೈಂಡು ಹಾಕಲು ಮನೆಮನೆಯಲ್ಲೂ ಕಾಯಿಸುತ್ತಿದ್ದ, ಸ್ವಲ್ಪ ಹುಳಿ, ಸ್ವಲ್ಪ ಸಿಹಿ ವಾಸನೆಯ ಅಂಟು. ನಮ್ಮ ದೊಡ್ಡಮ್ಮ ಅದಕ್ಕೆ ಒಂದು ಚಿಟಿಕೆ ಮೈಲುತುತ್ತು ಸೇರಿಸುತ್ತಿದ್ದರು. ಅಡಿಕೆಗೆ ಮದ್ದು ಬಿಡಲು ತರುವ ಅದೇ ನೀಲಿ ಹರಳು. ಹುಳ ಹಿಡಿಯಬಾರದೆಂದು. ಅಂಟು ಒಣಗಿದ ಮೇಲೆ ಪುಸ್ತಕದ ಒಳಬೆನ್ನಿನಲ್ಲಿ ತೆಳುವಾದ ನೀಲಿ ಗೆರೆಯೊಂದು ಉಳಿಯುತ್ತಿತ್ತು. ಈಗಲೂ ಗುಜರಿ ಅಂಗಡಿಯಲ್ಲಿ ಹಳೆಯ ಪತ್ತೇದಾರಿ ಮಾಸಿಕವೊಂದು ಕೈಗೆ ಸಿಕ್ಕರೆ ನಾನು ಮೊದಲು ಮೂಗಿಗೆ ಹಿಡಿಯುತ್ತೇನೆ, ಆಮೇಲೆ ಬೆನ್ನು ಬಿಡಿಸಿ ಆ ಗೆರೆ ಹುಡುಕುತ್ತೇನೆ. ಪಕ್ಕದಲ್ಲಿ ನಿಂತವರು ಈ ಹೆಂಗಸಿಗೆ ತಲೆ ಸರಿಯಿಲ್ಲವೆಂದುಕೊಂಡರೂ ನನಗೆ ಬೇಸರವಿಲ್ಲ. ಗೆರೆ ಕಂಡಿತೆಂದರೆ ಪುತ್ತೂರಿನ ಆ ಮನೆ, ಅದರ ಹೆಂಚು, ಅದರ ಹಿಂದಿನ ಬಸಳೆ ಚಪ್ಪರ ಎಲ್ಲವೂ ಒಂದು ಗಳಿಗೆಗೆ ಎದ್ದು ನಿಲ್ಲುತ್ತವೆ.

ನನ್ನ ಅಪ್ಪ ಅಮ್ಮ ಇದ್ದದ್ದು ಕಡಬದ ಕಡೆ. ಹೈಸ್ಕೂಲಿಗೆಂದು ನನ್ನನ್ನು ಪುತ್ತೂರಿನ ದೊಡ್ಡಪ್ಪನ ಮನೆಯಲ್ಲಿ ಬಿಟ್ಟಿದ್ದರು. ದೊಡ್ಡಪ್ಪ ದೊಡ್ಡಮ್ಮನಿಗೆ ಮಕ್ಕಳಿರಲಿಲ್ಲ. ಬಸ್‌ಸ್ಟ್ಯಾಂಡಿನಿಂದ ಕೂಗಳತೆಯ ದೂರದಲ್ಲಿ ಒಂದು ಬಾಡಿಗೆ ಕಟ್ಟಡ. ಮುಂದಿನ ಕೋಣೆಯಲ್ಲಿ ದೊಡ್ಡಪ್ಪನ ಲೈಬ್ರರಿ, ಹಿಂದಿನ ಎರಡು ಕೋಣೆಗಳಲ್ಲಿ ನಾವು. ಲೈಬ್ರರಿಯೆಂದರೆ ಘನವಾದ ಗ್ರಂಥಗಳಿದ್ದವೆಂದು ತಿಳಿಯಬೇಡಿ. ದಿನದ ಬಾಡಿಗೆಗೆ ಕೊಡುವ ಪತ್ತೇದಾರಿ ಮಾಸಿಕಗಳು, ತಿಂಗಳಿಗೊಂದರಂತೆ ಬರುತ್ತಿದ್ದ ಕಿಸೆ ಗಾತ್ರದ ಕೊಲೆ ಕತೆಗಳು. ಮುಖಪುಟದಲ್ಲಿ ಪಿಸ್ತೂಲು, ಕೆದರಿದ ಕೂದಲು, ಓಡುವ ಕಾರು. ಮೇಷ್ಟ್ರುಗಳು ಹಗಲಲ್ಲಿ ಅವನ್ನು ಬೈದು ಸಂಜೆ ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದರು.

ಈ ವ್ಯಾಪಾರದಲ್ಲಿ ದೊಡ್ಡಪ್ಪನಿಗೆ ಇದ್ದ ತಲೆಬೇನೆ ಒಂದೇ. ಪುಸ್ತಕ ಒಯ್ದವರಲ್ಲಿ ಮುಕ್ಕಾಲು ಪಾಲು ಜನ ಬಸ್ಸು ಹತ್ತಿ ಹೋಗುವವರು. ಸುಳ್ಯ, ಜಾಲ್ಸೂರು, ಕೊಲ್ಲಮೊಗ್ರು. ಹೋದ ಪುಸ್ತಕ ಹೋದ ಹಾಗೆಯೇ. ಕೊನೆಗೆ ಅವರು ಒಂದು ಉಪಾಯ ಹೂಡಿದರು. ಹೊಸ ಪುಸ್ತಕ ಬಂದ ಕೂಡಲೇ ಅದರ ಕಡೆಯ ಹಾಳೆಯನ್ನು ಬ್ಲೇಡಿನಿಂದ ನೀಟಾಗಿ ಕೊಯ್ದು, ಮೂಲೆಯಲ್ಲಿ ಪೆನ್ಸಿಲಿನಿಂದ ಕತೆಯ ಹೆಸರು ಬರೆದು, ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಡುವುದು. ಪುಸ್ತಕ ವಾಪಸು ಕೊಟ್ಟವರಿಗೆ ಆ ಹಾಳೆ ತೆಗೆದು ಕೊಡುವುದು. ಅವರು ಅಲ್ಲೇ ಮೇಜಿನ ಮುಂದೆ ನಿಂತು ಓದಬೇಕು. ಯಾರಾದರೂ ಜಗಳಕ್ಕೆ ನಿಂತರೆ, "ಕೊಂದದ್ದು ಯಾರು ಅಂತ ಗೊತ್ತಾಗ್ಬೇಕಾದ್ರೆ ಪುಸ್ತಕ ಮನೆಗೆ ಬರ್ಬೇಕು ಮಾರಾಯ್ರೆ" ಎಂದು ನಗುತ್ತಿದ್ದರು. ಜನ ಬೈದರು, ಆದರೆ ಬಂದರು. ಕೊಲ್ಲಮೊಗ್ರಿನಿಂದ ಒಬ್ಬರು ಮೊದಲ ಬಸ್ಸಿಗೇ ಬಂದು, ಒದ್ದೆ ಕೊಡೆಯನ್ನು ಕಂಕುಳಲ್ಲೇ ಇಟ್ಟುಕೊಂಡು, ಹಾಳೆಯ ಎರಡೂ ಬದಿ ಓದಿ, "ಛೆ, ನಾನು ಡಾಕ್ಟರ ಅಂತ ಎಣಿಸಿದ್ದು" ಎಂದು ಸಪ್ಪೆ ಮುಖ ಮಾಡಿಕೊಂಡು ಇನ್ನೊಂದು ಪುಸ್ತಕ ಹಿಡಿದು ಹೋಗುತ್ತಿದ್ದರು. ಹಾಗೆ ನಿಂತು ಓದುವವರ ಮುಖ ನೋಡುವುದು ನನಗೆ ಪುಸ್ತಕಕ್ಕಿಂತ ದೊಡ್ಡ ಮೋಜಾಗಿತ್ತು.

ಹರಿದ ಪುಸ್ತಕಗಳನ್ನು ಅಂಟಿಸಿ ಹೊಲಿಯುವ ಕೆಲಸ ದೊಡ್ಡಮ್ಮನದು. ಅವರು ಜಾಲ್ಸೂರಿನಿಂದ ಆಚೆ, ಕೇರಳದ ಗಡಿ ದಾಟಿದ ಮೇಲಿನ ಊರಿನವರು. ಬಾಗಿಲಲ್ಲಿ ಕಾಲು ಚಾಚಿ ಕೂತು, ಮಡಿಲಲ್ಲಿ ಪುಸ್ತಕ ಇಟ್ಟುಕೊಂಡು, ಹಲ್ಲಿನಿಂದ ನೂಲು ಕತ್ತರಿಸುತ್ತಿದ್ದ ಅವರ ಚಿತ್ರ ನನ್ನ ಕಣ್ಣಿಗೆ ಕಟ್ಟಿದೆ. ಒಂದು ಪುಸ್ತಕವನ್ನೂ ಅವರು ಹೆಸರಿನಿಂದ ಕರೆದವರಲ್ಲ. "ಆ ನೀಲಿ ಕಾರಿನದ್ದು ಎಲ್ಲಿ ಉಂಟು? ಆ ಬೆಕ್ಕಿನದ್ದು ತಾ" ಎನ್ನುತ್ತಿದ್ದರು. ಅದು ಅವರ ತಮಾಷೆಯೆಂದು ನಾನು ತಿಳಿದಿದ್ದೆ. ಸಂಜೆ ಅಂಗಡಿಯ ಹಲಗೆ ಹಾಕಿದ ಮೇಲೆ ದೊಡ್ಡಪ್ಪ ಹಿಂದಿನ ಕೋಣೆಗೆ ಬಂದು, ಅವರು ಬಸಳೆ ಸೋಸುತ್ತಿದ್ದರೆ ಎದುರಿಗೆ ಮಣೆ ಹಾಕಿ ಕೂತು ಹೊಸ ತಿಂಗಳ ಕತೆ ಹೇಳುತ್ತಿದ್ದರು. ಇಡೀ ಕತೆಯಲ್ಲ, ದಿನಕ್ಕೊಂದು ತುಂಡು. ಪುಸ್ತಕದಲ್ಲಿ ಇಲ್ಲದ್ದನ್ನೂ ಸೇರಿಸುತ್ತಿದ್ದರು. ಪತ್ತೇದಾರ ಊಟಕ್ಕೆ ಕೂತರೆ ಅವನ ಎಲೆಗೆ ಏನೇನು ಬಿತ್ತೆಂದು ಹೇಳುತ್ತಿದ್ದರು. ಸತ್ತವನ ಹೆಂಡತಿಗೆ ಕೊನೆಯಲ್ಲಿ ಒಂದು ದಾರಿ ಮಾಡಿಕೊಡುತ್ತಿದ್ದರು. ನಾನು ಪುಸ್ತಕ ಓದಿದ್ದರಿಂದ, "ದೊಡ್ಡಪ್ಪ, ಹಾಗಿಲ್ಲವಲ್ಲ" ಎಂದರೆ ಕಣ್ಣಲ್ಲೇ ಗದರಿಸಿ ಬಾಯಿ ಮುಚ್ಚಿಸುತ್ತಿದ್ದರು. ಆ ಸಂಜೆಗಳಷ್ಟು ಸುಖವಾದ ಸಂಜೆಗಳು ನನ್ನ ಬಾಳಿನಲ್ಲಿ ಮತ್ತೆ ಬರಲಿಲ್ಲ.

ನಾನು ಓದಲು ಮಂಗಳೂರಿಗೆ ಹೋದ ವರ್ಷ ದೊಡ್ಡಪ್ಪ ತೀರಿಕೊಂಡರು. ಮಧ್ಯಾಹ್ನ ಅಂಗಡಿಯಲ್ಲಿ ಎದೆ ಹಿಡಿದುಕೊಂಡು ಕೂತವರು ಏಳಲೇ ಇಲ್ಲ. ಅಷ್ಟರಲ್ಲಿ ಮನೆಮನೆಗೆ ಟಿ.ವಿ. ಬಂದು ಬಾಡಿಗೆ ಪುಸ್ತಕದ ಕಾಲವೂ ಮುಗಿಯುತ್ತ ಬಂದಿತ್ತು. ಕಟ್ಟಡದ ಯಜಮಾನರು ಅದನ್ನು ಕೆಡವಿ ಕಾಂಪ್ಲೆಕ್ಸ್ ಕಟ್ಟುವವರಿದ್ದರು. ಸಂತೆಗಳಲ್ಲಿ ಹಳೆ ಪುಸ್ತಕ ಹರಡಿ ಮಾರುವ ಕಡಬದ ವ್ಯಾಪಾರಿಯೊಬ್ಬರು ಎಲ್ಲವನ್ನೂ ಒಟ್ಟಿಗೆ ಒಯ್ಯುತ್ತೇನೆಂದರು. ದೊಡ್ಡಮ್ಮ ಒಪ್ಪಿದರು, ಆದರೆ ಕಡೆಯ ಹಾಳೆ ಇಲ್ಲದೆ ಪುಸ್ತಕ ಹೊರಗೆ ಕೊಡಲಿಕ್ಕಿಲ್ಲವೆಂದು ಹಟ ಹಿಡಿದರು. ಬಾಡಿಗೆಗಾದರೆ ಸರಿ, ಮಾರುವಾಗ ಹಾಗೆ ಕೊಟ್ಟರೆ ಸತ್ತವರ ಹೆಸರಿಗೆ ಕೇಡು. ಒಬ್ಬರೇ ಕೂತು, ಅಂಟು ಕಾಯಿಸಿ, ಡಬ್ಬಿಯ ಹಾಳೆಗಳನ್ನೆಲ್ಲ ಪುಸ್ತಕಗಳಿಗೆ ಅಂಟಿಸಿದರು. ಮೂಲೆಯ ಪೆನ್ಸಿಲ್ ಗುರುತುಗಳು ಅಸಹ್ಯ ಕಾಣುತ್ತವೆಂದು ರಬ್ಬರಿನಿಂದ ಒರೆಸಿದರು. ನಾನು ರಜೆಗೆ ಬರುವಾಗ ಕಪಾಟುಗಳು ಬರಿದಾಗಿದ್ದವು. ದೊಡ್ಡಮ್ಮ ಕಬಕದಲ್ಲಿ ಒಂದು ಕೋಣೆ ಹಿಡಿದು ಬೀಡಿ ಕಟ್ಟಿಕೊಂಡು ಇದ್ದರು. ನನಗೆ ಸುಳ್ಯದ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿದ ಮೇಲೆ ಅವರನ್ನು ನನ್ನ ಜೊತೆಗೆ ಕರೆದುಕೊಂಡೆ.

ವರ್ಷಗಳು ಕಳೆದ ಮೇಲೆ, ಒಂದು ದಿನ ಜಾಲ್ಸೂರಿನಲ್ಲಿ ಬಸ್ಸು ತಪ್ಪಿಸಿಕೊಂಡು ಪಕ್ಕದ ಗುಜರಿ ಅಂಗಡಿಗೆ ಹೊಕ್ಕೆ. ಅಂಗಡಿಯವರು ಹಮೀದಾಕ, ಬ್ಯಾರಿ ಮುದುಕರು. ರದ್ದಿ ರಾಶಿಯಲ್ಲಿ ನಮ್ಮ ನೀಲಿ ಗೆರೆಯ ಪುಸ್ತಕವೊಂದು ಕಂಡಿತು. ಮುಂದಿನ ಬಸ್ಸು ಬರುವಷ್ಟರಲ್ಲಿ ಓದಿ ಮುಗಿಸಿದೆ. ಕತೆಯೆಲ್ಲ ಬಂದರದ ಕಳ್ಳಸಾಗಣೆ, ಕಡೆಯ ಹಾಳೆಯಲ್ಲಿ ಮಾತ್ರ ಯಾವುದೋ ಘಟ್ಟದ ಬಂಗಲೆಯಲ್ಲಿ ಯಾರೋ ಮದುಮಗಳು ಅಳುತ್ತಿದ್ದಾಳೆ. ಒಬ್ಬಳೇ ನಕ್ಕುಬಿಟ್ಟೆ. ಎಲ್ಲ ಪುಸ್ತಕಗಳ ಪುಟಸಂಖ್ಯೆಯೂ ಒಂದೇ ಆದ್ದರಿಂದ ಹೀಗೊಂದು ಅದಲುಬದಲಾಗಿದೆ ಎಂದುಕೊಂಡು, ನಗಿಸಲೆಂದೇ ಅದನ್ನು ಮನೆಗೆ ಒಯ್ದು ದೊಡ್ಡಮ್ಮನ ಕೈಗೆ ಕೊಟ್ಟೆ. ಅವರು ಬೆನ್ನು ಸವರಿದರು, ಮೂಸಿದರು.

"ಕಡೆ ಹಾಳೆ ಸರಿ ಉಂಟಾ ಮಗಾ?" ಎಂದು ಕೇಳಿದರು.

ಅವರ ದನಿ ಕೇಳಿ ನನ್ನ ನಗು ಅಲ್ಲೇ ನಿಂತಿತು. ಪುಸ್ತಕವನ್ನು ಮಡಿಲಲ್ಲಿ ಇಟ್ಟುಕೊಂಡು ಅವರೇ ಹೇಳಿದರು. "ನಂಗೆ ಕನ್ನಡ ಓದ್ಲಿಕ್ಕೆ ಬರುದಿಲ್ಲ. ನಮ್ಮ ಊರಲ್ಲಿ ಮಲಯಾಳ ಶಾಲೆ. ಕಾಗದದ ಬಣ್ಣ ನೋಡಿ, ಬ್ಲೇಡು ಹೋದ ಓರೆ ನೋಡಿ ಅಂಟಿಸಿದ್ದು."

ಪುತ್ತೂರು ಪೇಟೆಯ ಯಾವ ಹೆಂಗಸಿಗಿಂತಲೂ ಚೊಕ್ಕ ಕನ್ನಡ ಆಡುತ್ತಿದ್ದ ದೊಡ್ಡಮ್ಮನಿಗೆ ಕನ್ನಡದ ಅಕ್ಷರ ಬಾರದೆಂದು ಆ ಮನೆಯಲ್ಲಿ ದೊಡ್ಡಪ್ಪನೊಬ್ಬರಿಗೇ ಗೊತ್ತಿತ್ತು. ದಿನಾ ಸಂಜೆ ಕತೆ ಹೇಳುತ್ತಿದ್ದುದು ಅದಕ್ಕೇ. ಆಮೇಲೆ ಅವರು ಇನ್ನೊಂದು ಮಾತು ಹೇಳಿದರು. ತೀರಿಕೊಳ್ಳುವ ಹಿಂದಿನ ಸಂಜೆ ದೊಡ್ಡಪ್ಪ ಲೈಟ್‌ಹೌಸಿನ ಚಿತ್ರವಿದ್ದ ಪುಸ್ತಕದ ಕತೆ ಹೇಳುತ್ತಿದ್ದರಂತೆ. ಒಬ್ಬ ಸಾಹುಕಾರ ಸಮುದ್ರದಲ್ಲಿ ಹೆಣವಾಗಿ ಸಿಕ್ಕಿದ್ದಾನೆ. ಪೊಲೀಸರು ಲೈಟ್‌ಹೌಸಿನ ಕಾವಲುಗಾರನನ್ನು, ಏನೂ ಮಾಡದವನನ್ನು, ಹಿಡಿದು ಲಾಕಪ್ಪಿಗೆ ಹಾಕಿದ್ದಾರೆ. ಅವನ ಮಗಳು ಠಾಣೆಯ ಹೊರಗೆ ಬುತ್ತಿ ಹಿಡಿದು ನಿಂತಿದ್ದಾಳೆ. ಅಲ್ಲಿಗೆ ನಿಲ್ಲಿಸಿ ದೊಡ್ಡಪ್ಪ, "ಉಳಿದದ್ದು ಕಡೆ ಹಾಳೆ, ನಾಳೆ" ಎಂದು ಎದ್ದರಂತೆ.

"ಯಾರತ್ರ ಆದ್ರೂ ಓದಿಸಬಹುದಿತ್ತಲ್ಲ ದೊಡ್ಡಮ್ಮ?"

"ಸಾವಿನ ಮನೆಯಲ್ಲಿ ಕೂತು ಕತೆ ಓದಿ ಹೇಳು ಅಂತ ಯಾರತ್ರ ಹೇಳುದು? ಆ ಹಾಳೆ ನನ್ನ ಕೈಯಲ್ಲೇ ಇತ್ತು ಮಗಾ. ಯಾವುದು ಅಂತ ಗೊತ್ತಾಗ್ಲಿಲ್ಲ. ಆ ಪಾಪದವನನ್ನು ಬಿಟ್ರಾ ಅಂತ ಒಂದು ಗೊತ್ತಾದ್ರೆ ಸಾಕಿತ್ತು."

ನನ್ನ ಸಂಗ್ರಹದ ಹುಚ್ಚು ಶುರುವಾದದ್ದು ಹೀಗೆ. ಜನ ಅದಕ್ಕೆ ಹವ್ಯಾಸವೆಂದು ಹೆಸರಿಟ್ಟರು. ಹಳೆ ಪುಸ್ತಕದವರ ವಾಟ್ಸಾಪ್ ಗುಂಪುಗಳಲ್ಲಿ ನನ್ನನ್ನು ದೊಡ್ಡ ಸಂಗ್ರಾಹಕಿ ಎಂದು ಹೊಗಳುವವರೂ ಇದ್ದಾರೆ. ಅಲ್ಲಿ ಮುಖಪುಟದ ಚಂದಕ್ಕೆ ಸಾಯುವವರೇ ಎಲ್ಲ. ಕಡೆಯ ಹಾಳೆಯ ಫೋಟೊ ಕಳಿಸಿ ಎಂದು ನಾನು ಕೇಳಿದರೆ ಅವರಿಗೆ ವಿಚಿತ್ರ. ಲೈಟ್‌ಹೌಸಿನ ಕತೆಯ ಇನ್ನೊಂದು ಪ್ರತಿ ಯಾರ ಬಳಿಯೂ ಇರಲಿಲ್ಲ. ಅದನ್ನು ಅಚ್ಚು ಹಾಕಿದ ಪ್ರೆಸ್ಸು ಯಾವತ್ತೋ ಮುಚ್ಚಿತ್ತು. ಸರ್ಕಾರಿ ಲೈಬ್ರರಿಗಳು ಇಂಥದ್ದನ್ನು ಬಾಗಿಲ ಒಳಗೇ ಬಿಟ್ಟುಕೊಂಡಿರಲಿಲ್ಲ. ಹಾಗಾಗಿ ಉಳಿದದ್ದು ನಮ್ಮ ಮನೆಯಿಂದ ಹೋದವುಗಳನ್ನೇ ಹುಡುಕುವ ದಾರಿ. ಆದಿತ್ಯವಾರ ಬಂದರೆ ಪುತ್ತೂರು, ಕಬಕ, ಕಡಬ ಎಂದು ಸುತ್ತಿದೆ. ಗೂಡಂಗಡಿಯಲ್ಲಿ ಕಡಲೆ ಕಟ್ಟಲು ಇಟ್ಟ ರಾಶಿ ಕೆದಕಿದೆ. ಸಿಕ್ಕಿದ ಒಂದೊಂದು ಪುಸ್ತಕದಲ್ಲೂ ಇನ್ಯಾವುದೋ ಪುಸ್ತಕದ ಅಂತ್ಯ. ಲೈಟ್‌ಹೌಸಿನ ಪುಸ್ತಕವೂ ಸುಳ್ಯದ ಒಂದು ಕ್ಷೌರದಂಗಡಿಯಲ್ಲಿ ಸಿಕ್ಕಿತು. ಅದರ ಕೊನೆಗೆ ಬೆಕ್ಕಿನ ಕತೆಯ ಹಾಳೆ ಅಂಟಿಕೊಂಡಿತ್ತು.

ಕಡಬದ ವ್ಯಾಪಾರಿಯ ಮಗನನ್ನು ಹುಡುಕಿಕೊಂಡು ಹೋದಾಗ ಅವರು ಚಾ ಕೊಟ್ಟು, ಮಾರದೆ ಉಳಿದ ಪುಸ್ತಕಗಳನ್ನೆಲ್ಲ ಕಾಗದದ ತೊಟ್ಟೆ, ಪೊಟ್ಟಣ ಮಾಡುವವರಿಗೆ ತೂಕಕ್ಕೆ ಹಾಕಿದ್ದೇವೆ ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಅಳು ತಡೆಯಲಾಗಲಿಲ್ಲ. ಹಾಳೆ ಸಿಗುವುದಿಲ್ಲವೆಂದು ಆ ದಿನವೇ ನನಗೆ ಮನಸ್ಸಿನೊಳಗೆ ಗೊತ್ತಾಗಿತ್ತು.

ದೊಡ್ಡಮ್ಮ ಹಾಸಿಗೆ ಹಿಡಿದರು. ಪ್ರತಿ ಆದಿತ್ಯವಾರ ನಾನು ಚಪ್ಪಲಿ ಬಿಡುವ ಮೊದಲೇ, "ಸಿಕ್ಕಿತಾ?" ಎನ್ನುತ್ತಿದ್ದರು. ಆ ಪ್ರಶ್ನೆಗೆ ಹೆದರಿ ಕೆಲವು ಸಲ ಹೊರಗೇ ತಡಮಾಡಿ ಬರುತ್ತಿದ್ದೆ. ಕೊನೆಗೊಂದು ದಿನ ಸಿಕ್ಕಿತೆಂದು ಹೇಳಿ, ಕೈಯಲ್ಲಿ ಬೇರೆ ಹಾಳೆ ಹಿಡಿದು, ನಾನೇ ಕಟ್ಟಿದ ಅಂತ್ಯ ಓದಿದೆ. ಕಾವಲುಗಾರನನ್ನು ಬಿಟ್ಟರು, ಮಗಳ ಕೈಯ ಬುತ್ತಿಯನ್ನು ಇಬ್ಬರೂ ಠಾಣೆಯ ಕಟ್ಟೆಯಲ್ಲಿ ಕೂತು ಉಂಡರು ಎಂದೆ. ದೊಡ್ಡಮ್ಮ ನನ್ನ ಮುಖವನ್ನೇ ನೋಡುತ್ತ ಕೇಳಿಸಿಕೊಂಡರು.

"ಚಂದ ಉಂಟು. ಆದ್ರೆ ಇದು ಅದಲ್ಲ ಮಗಾ. ಓದುವಾಗ ಕಣ್ಣು ಹಾಳೆ ಮೇಲೆ ಓಡ್ತದೆ. ನಿಂದು ಓಡ್ಲಿಲ್ಲ."

ನನ್ನ ಕೈ ಹಿಡಿದು ಮಲಗಿದರು. ಆ ಮಳೆಗಾಲ ದಾಟಲಿಲ್ಲ. ಆಮೇಲೆ ಆದಿತ್ಯವಾರ ಬಂದರೆ ನನಗೆ ಹೋಗಲು ಊರಿರಲಿಲ್ಲ. ತಂದ ಪುಸ್ತಕಗಳೆಲ್ಲ ಅವರ ಮಂಚದ ಮೇಲೆ ರಾಶಿ ಬಿದ್ದಿವೆ. ಯಾರಿಗೆ ಬೇಕು ಅವು?

ಮೊನ್ನೆ ಹಮೀದಾಕ ಫೋನು ಮಾಡಿ, ನಿಮ್ಮ ನೀಲಿ ಗೆರೆಯದ್ದು ಒಂದು ಬಂದಿದೆ ಎಂದರು. ಹೋಗಬಾರದೆಂದಿದ್ದೆ, ಕಾಲು ಕೇಳಲಿಲ್ಲ. ಒಂದು ಬ್ಯಾಂಕ್ ದರೋಡೆಯ ಕತೆ. ಕೊನೆಗೆ ತಿರುಗಿಸಿದರೆ ಸಾಹುಕಾರ, ಸಮುದ್ರ, ಲೈಟ್‌ಹೌಸು. ತಕ್ಕಡಿಯ ಪಕ್ಕ ನಿಂತೇ ಓದಿದೆ. ಕೊಂದವನು ಸಾಹುಕಾರನ ಸ್ವಂತ ತಮ್ಮ. ಪತ್ತೇದಾರ ಅವನಿಗೆ ಕೋಳ ಹಾಕಿಸಿ, ಸಿಗರೇಟು ಹಚ್ಚಿ, ಕಾರು ಹತ್ತಿ ಹೊರಟುಹೋದ. ಹಿಂಬದಿಯಲ್ಲಿ ತಲೆಗೂದಲಿನ ಎಣ್ಣೆಯ ಜಾಹೀರಾತು. ಮತ್ತೊಮ್ಮೆ ಓದಿದೆ. ಕಾವಲುಗಾರನ ಬಗ್ಗೆ ಒಂದಕ್ಷರವಿಲ್ಲ. ಬರೆದವನು ಅವನನ್ನು ಲಾಕಪ್ಪಿನಲ್ಲೇ ಮರೆತುಬಿಟ್ಟಿದ್ದ. ದೊಡ್ಡಮ್ಮ ಅಷ್ಟು ವರ್ಷ ಕಾದ ಮಾತು ಈ ಕಾಗದದಲ್ಲಿ ಎಂದೂ ಇರಲೇ ಇಲ್ಲ. ಅದು ಮಾರನೆಯ ಸಂಜೆ ದೊಡ್ಡಪ್ಪ ತಮ್ಮ ಬಾಯಿಂದ ಸೇರಿಸಬೇಕಾಗಿದ್ದ ಮಾತು.

"ಎಂತ ಟೀಚರೇ, ಇದೇನಾ ನೀವು ಹುಡುಕುದು?" ಈ ಕತೆಯನ್ನೆಲ್ಲ ನನ್ನ ಬಾಯಿಂದ ಎಂದೋ ಕೇಳಿ ತಿಳಿದಿದ್ದ ಹಮೀದಾಕ ಕೇಳಿದರು. "ಅವನನ್ನು ಬಿಟ್ರಾ?"

"ಇದೇ ಹಮೀದಾಕ. ಬಿಟ್ರೋ ಇಲ್ವೋ ಬರ್ದಿಲ್ಲ."

ಅವರಿಗೆ ನನ್ನ ಮುಖ ನೋಡಿ ಏನೆನ್ನಿಸಿತೋ. "ಎರಡನೇ ಭಾಗ ಇರ್ಬಹುದು ಟೀಚರೇ. ನಾನು ನೋಡ್ತಾ ಇರ್ತೇನೆ, ಸಿಕ್ಕಿದ್ರೆ ತೆಗ್ದಿಡ್ತೇನೆ" ಎಂದರು.

ಬೇಡ, ಇನ್ನು ಯಾವುದನ್ನೂ ತೆಗೆದಿಡಬೇಡಿ ಎಂದು ಹೇಳಿ ಬಸ್ಸಿಗೆ ನಡೆದೆ.